ವ್ಯಾಪಾರಿಗಳ ಲಾಬಿ ಅಂದರೆ ಲಂಚ ಅಂತಲೇ ಅರ್ಥವಾ?

ಭಾರತದಂಥ ದೇಶಗಳಲ್ಲಿ ವ್ಯಾಪಾರಿಗಳು ದುಡ್ಡು ಕೊಟ್ಟೇ ಸರ್ಕಾರದ ನೀತಿ ಬದಲಾಯಿಸುತ್ತಾರಾ ಅಂತ ಕೇಳಿದ್ದೀರಿ. ಲಂಚ ಇಲ್ಲವೇ ಇಲ್ಲ ಅಂತ ನಾನು ಹೇಳಲಾರೆ. ಆದರೆ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ (ಕೃಷಿ ಮಾರುಕಟ್ಟೆಯಲ್ಲಿ) ದಲಾಲಿ ಅಂಗಡಿಯ ಲೆಕ್ಕ ಬರೆಯುವ ನಾನು ಕಂಡ ಲಾಬಿಯಲ್ಲಿ ಸೂಟ್‌ಕೇಸ್ ಇರಲಿಲ್ಲ. ಒಂದು ಮನವಿ ಪತ್ರ, ಒಂದು ಶಾಲು, ಒಂದು ಹಾರ. ಅಷ್ಟೇ.

2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂತು. ಎಪಿಎಂಸಿ ಅಂಗಳದ ಹೊರಗೂ ರೈತರ ಮಾಲು ಕೊಳ್ಳಬಹುದು ಅಂತಾಯಿತು. ಹೊರಗೆ ಸೆಸ್ (ಮಾರುಕಟ್ಟೆ ಶುಲ್ಕ) ಇಲ್ಲ, ಒಳಗೆ ನೂರು ರೂಪಾಯಿಗೆ ಒಂದೂವರೆ. ಒಳಗಿನ ವ್ಯಾಪಾರಿಗಳು ಸುಮ್ನೆ ಇರ್ತಾರಾ? ಊರೂರಿನ ಸಂಘಗಳಿಂದ ಮನವಿ ಹೋದವು. ಸೆಸ್ 35 ಪೈಸೆಗೆ ಇಳಿಯಿತು. ಆಮೇಲೆ ಎಪಿಎಂಸಿಗಳ ಖರ್ಚಿಗೇ ದುಡ್ಡು ಸಾಲಲಿಲ್ಲ, ಡಿಸೆಂಬರ್‌ನಲ್ಲಿ 1 ರೂಪಾಯಿ ಮಾಡಿದರು. ಮತ್ತೆ ಮನವಿ, ಮತ್ತೆ ಗಲಾಟೆ. 2021ರ ಶುರುವಿನಲ್ಲಿ 60 ಪೈಸೆಗೆ ಬಂದು ನಿಂತಿತು. ಥೇಟ್ ಸಂತೆಯ ಚೌಕಾಸಿ! ಬಿಲ್ಲಿನಲ್ಲಿ ದರ ತಿದ್ದಿ ತಿದ್ದಿ ನನಗೆ ಸಾಕಾಗಿತ್ತು.

ಇದರಲ್ಲಿ ನನಗೆ ದೊಡ್ಡ ತಪ್ಪೇನೂ ಕಾಣಲ್ಲ. ನನ್ನ ತಕರಾರು ಬೇರೆ. ಮನವಿ ಬರೆದು, ಸರಿಯಾದ ಟೇಬಲ್ಲಿಗೆ ಸರಿಯಾದ ಹೊತ್ತಿಗೆ ಮುಟ್ಟಿಸೋಕೆ ಎಲ್ಲರ ಹತ್ತಿರವೂ ಜನ ಇರುವುದಿಲ್ಲ.

ಹತ್ತಿಯನ್ನೇ ನೋಡಿ. 2021ರ ಕೇಂದ್ರ ಬಜೆಟ್‌ನಲ್ಲಿ ಆಮದು ಹತ್ತಿಗೆ ಸೆಸ್ ಸೇರಿ ಶೇ. 11ರಷ್ಟು ಸುಂಕ ಹಾಕಿದರು. ಗಿರಣಿಯವರು ತೆಗೆಯಿರಿ ಅಂತ ಬೆನ್ನು ಹತ್ತಿದರು. 2022ರ ಏಪ್ರಿಲ್‌ನಲ್ಲಿ ಕೆಲವು ತಿಂಗಳ ಮಟ್ಟಿಗೆ ತೆಗೆದರು. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಮಾಲಿಗೆ ಶೇ. 50ರ ಸುಂಕ ಹೇರಿದಾಗ ಮತ್ತೆ ಮಾಫಿ. ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಅಂದರು, ಆಮೇಲೆ ಡಿಸೆಂಬರ್‌ವರೆಗೆ ಎಳೆದರು. ಗಿರಣಿಯವರ ಕಷ್ಟ ಸುಳ್ಳಲ್ಲ. ಆದರೆ ಕುಂದಗೋಳ, ನವಲಗುಂದ, ಹಾವೇರಿ ಕಡೆ ಹತ್ತಿ ಬಿಡಿಸಿ ಮಾರೋದೂ ಅದೇ ತಿಂಗಳುಗಳಲ್ಲಿ ಅಲ್ವಾ? ಅಗ್ಗದ ಆಮದು ಬಂದರೆ ಅವರ ದರಕ್ಕೆ ಪೆಟ್ಟು. ರೈತ ಸಂಘಗಳೂ ವಿರೋಧಿಸಿದವು, ಆದರೆ ರಸ್ತೆಯಲ್ಲಿ ನಿಂತು. ನಮ್ಮ ಭಾಗದಲ್ಲಿ ಇದು ಹಳೇ ಕಥೆ. 1980ರಲ್ಲಿ ಮಲಪ್ರಭಾ ನೀರಾವರಿಯ ಬೆಟರ್‌ಮೆಂಟ್ ಲೆವಿ (ನೀರಾವರಿಯಿಂದ ಜಮೀನಿನ ಬೆಲೆ ಏರಿತು ಅಂತ ಹಾಕುವ ಕರ) ಬೇಡ ಅನ್ನೋಕೆ ನರಗುಂದ, ನವಲಗುಂದದ ರೈತರು ಗೋಲಿಬಾರ್ ಎದುರಿಸಬೇಕಾಯಿತು.

ಅಮೆರಿಕದಲ್ಲಿ ಲಾಬಿ ಮಾಡುವವರು ಹೆಸರು ನೋಂದಾಯಿಸಿ, ಖರ್ಚು ತೋರಿಸಬೇಕು. ನಮ್ಮಲ್ಲಿ ಅಂಥ ಕಾನೂನೇ ಇಲ್ಲ. ದೆಹಲಿಯಲ್ಲಿ ಯಾರು ಯಾರನ್ನು ಕಂಡರು ಅಂತ ಹುಡುಕಿದರೂ ಪೂರ್ತಿ ಸಿಗಲ್ಲ. ನಮ್ಮ ಅಂಗಡಿ ಸಾಲಿನವರು ಕೊಟ್ಟ ಮನವಿ ಆದರೂ ಮರುದಿನ ಪೇಪರ್‌ನಲ್ಲಿ ಫೋಟೋ ಸಮೇತ ಬಂದಿತ್ತು.