ಬಚ್ಚಲುಮನೆಯ ಬಾಗಿಲನ್ನು ಮೊದಲು ಅಳೆಯಿರಿ

ನಮಸ್ಕಾರ. ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ಕಳೆದುಕೊಂಡಿರುವ ತಮ್ಮ ತಂದೆಯವರಿಗೆ ಮಡಚುವ ಎಲೆಕ್ಟ್ರಿಕ್ ವೀಲ್‌ಚೇರ್ ಸಾಕೇ ಎಂದು ಕೇಳಿದ್ದೀರಿ. ನಮ್ಮ ತಾಯಿಯವರಿಗೆ ಕೊಂಡಾಗ ನಾನು ಬೆಲೆ, ಬ್ಯಾಟರಿ ಎಲ್ಲವನ್ನೂ ವಿಚಾರಿಸಿ ಬಚ್ಚಲುಮನೆಯ ಬಾಗಿಲನ್ನು ಮಾತ್ರ ಅಳೆಯದೆ ಹೋದೆ. 63 ಸೆಂಟಿಮೀಟರ್ ಅಗಲದ ಕುರ್ಚಿ 60 ಸೆಂಟಿಮೀಟರಿನ ಚೌಕಟ್ಟಿನೆದುರು ನಿಂತುಬಿಟ್ಟಿತು. ಆದ್ದರಿಂದ ಬಾಗಿಲು ಪೂರ್ತಿ ತೆರೆದಾಗ ಉಳಿಯುವ ಜಾಗವನ್ನೂ ಕುರ್ಚಿ ತಿರುಗಲು ಬೇಕಾಗುವ ಸ್ಥಳವನ್ನೂ ಅಳೆದು ಬರೆದುಕೊಂಡೇ ಅಂಗಡಿಗೆ ಹೋಗಿ.

ತಮ್ಮ ಸಂದರ್ಭದಲ್ಲಿ ಕುರ್ಚಿ ಓಡಿಸುವ ಹಿಡಿಯಾದ ಜಾಯ್‌ಸ್ಟಿಕ್ಕನ್ನು ಎಡಗೈ ಕಡೆಗೆ ಬದಲಿಸಲು ಬರುತ್ತದೆಯೇ ಎಂಬುದೇ ಎಲ್ಲಕ್ಕಿಂತ ಮುಖ್ಯ. ಬಲಬದಿಯ ನೋಟವೂ ಕುಂದಿದ್ದರೆ ವೈದ್ಯರನ್ನು ಕೇಳದೆ ಅವರೊಬ್ಬರೇ ಓಡಿಸುವುದು ಬೇಡ.

ಮಡಚುವ ಕುರ್ಚಿ ಓಡಾಟಕ್ಕೆ ಅನುಕೂಲ, ನಿಜ. ಆದರೆ ದಿನವಿಡೀ ಕೂರುವವರಿಗೆ ಅದರ ತೆಳು ಆಸನದಿಂದ ಒತ್ತಡದ ಹುಣ್ಣಾಗುವ ಭಯವಿರುವುದರಿಂದ ಒಳ್ಳೆಯ ದಿಂಬಿಗೂ ಹಣ ಎತ್ತಿಡಬೇಕು. ಹಗುರವಾದ ಲಿಥಿಯಂ ಬ್ಯಾಟರಿಯದಾದರೂ ಬಹುತೇಕ ಕುರ್ಚಿಗಳು 20 ಕಿಲೋ ಮೀರುತ್ತವೆ. ಕಾರಿನ ಡಿಕ್ಕಿಗೆ ಎತ್ತಿಡುವವರು ಯಾರೆಂದು ಈಗಲೇ ಯೋಚಿಸಿ.

ಮುಂಬಾಗಿಲಿನ ಎರಡು ಮೆಟ್ಟಿಲು ಸೇರಿ 30 ಸೆಂಟಿಮೀಟರ್ ಎತ್ತರವೆಂದು ಬರೆದಿದ್ದೀರಿ. ಒಂದಕ್ಕೆ ಹನ್ನೆರಡರ, ಅಂದರೆ ಎತ್ತರದ ಹನ್ನೆರಡು ಪಟ್ಟು ಉದ್ದದ, ಇಳಿಜಾರಿನ ಲೆಕ್ಕದಲ್ಲಿ ಅದಕ್ಕೆ 3.6 ಮೀಟರ್ ಉದ್ದದ ರ‍್ಯಾಂಪ್ ಬೇಕು. ಅಂಗಳದಲ್ಲಿ ಅಷ್ಟು ಜಾಗವಿಲ್ಲದಿದ್ದರೆ ನಡುವೆ ತಿರುವು ಕೊಟ್ಟು ಕಟ್ಟಿಸಬಹುದು.