ಒಂಬತ್ತು ವರ್ಷ ವೆಲ್ಡಿಂಗ್ ಮಾಡಿದವನು ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದರೆ ತಗೋತಾರಾ?

ನಿಮ್ಮ ಪ್ರಶ್ನೆ ಇಷ್ಟು: ವಯಸ್ಸು 29, ಒಂಬತ್ತು ವರ್ಷದಿಂದ ವೆಲ್ಡಿಂಗ್, ಪೊಲೀಸ್ ಆಗಬೇಕು ಅಂತ ಆಸೆ. ಅರ್ಜಿಯಲ್ಲಿ ‘ಅನುಭವ’ ಅಂತ ಇರುವ ಜಾಗದಲ್ಲಿ ಏನು ಬರೆಯುವುದು, ಕಬ್ಬಿಣ ಬೆಸೆಯುವವನನ್ನು ಅಲ್ಲಿ ಯಾರು ಕೇಳುತ್ತಾರೆ ಅಂತ.

ನಾನು ಹನ್ನೊಂದು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದೆ. ಪೊಲೀಸ್ ಯೂನಿಫಾರ್ಮ್ ಹಾಕಿ ಈಗ ಏಳು ವರ್ಷ. ಕೇಳುತ್ತಾರೆ, ಧೈರ್ಯವಾಗಿ ಅರ್ಜಿ ಹಾಕಿ. ಆದರೆ ನಾನು ಮೊದಲ ಸಲ ಸಂದರ್ಶನದಲ್ಲಿ ಫೇಲ್ ಆಗಿದ್ದೆ. ಆ ಕಥೆಯೇ ನಿಮಗೆ ಜಾಸ್ತಿ ಉಪಯೋಗಕ್ಕೆ ಬರಬಹುದು.

ಎದುರಿಗೆ ಮೂರು ಜನ ಕೂತಿದ್ದರು. ಮಧ್ಯದಲ್ಲಿದ್ದ ಅಧಿಕಾರಿ ಮೇಡಂ ಕೇಳಿದರು: “ಒತ್ತಡ ಇದ್ದಾಗ ನೀವೇ ಒಂದು ನಿರ್ಧಾರ ತಗೊಂಡ ಸಂದರ್ಭ ಹೇಳಿ.” ನಾನು ಅಂದೆ, “ಸೈಟಲ್ಲಿ ನಾವು ಯಾವಾಗಲೂ ಒತ್ತಡದಲ್ಲೇ ಇರ್ತೀವಿ ಮೇಡಂ. ಏನೇ ಬಂದರೂ ನಾವೆಲ್ಲ ಸೇರಿ ಸರಿ ಮಾಡ್ಕೋತೀವಿ.” ಅವರು ಪೆನ್ನು ಕೆಳಗಿಟ್ಟರು. “ನಾವು ಅಂದರೆ ಯಾರು? ನೀವು ಏನು ಮಾಡಿದ್ರಿ?”

ನಾನು ಬೆಪ್ಪಾಗಿ ಕೂತೆ. ಹೇಳೋಕೆ ಏನೂ ಇರಲಿಲ್ಲ ಅಂತಲ್ಲ. ಎರಡು ತಿಂಗಳ ಹಿಂದಷ್ಟೇ ಅಂಥದ್ದೊಂದು ನಡೆದಿತ್ತು. ಮೇಲಿನ ಮಹಡಿಯ ಪ್ಯಾನಲ್ ಒಳಗೆ ನಮ್ಮ ಹುಡುಗನೊಬ್ಬ ಕೈ ಹಾಕಿ ಕೆಲಸ ಮಾಡುತ್ತಿದ್ದ. ಕೆಳಗೆ ಮೇನ್ ಸ್ವಿಚ್‌ಗೆ ನನ್ನ ಬೀಗ, ನನ್ನ ಹೆಸರಿನ ಚೀಟಿ. ಫೋರ್‌ಮನ್ ಬಂದು, ಬೇರೆಯವರೆಲ್ಲ ಕರೆಂಟ್‌ಗೆ ಕಾಯ್ತಿದ್ದಾರೆ, ಕೀ ಕೊಡು ಅಂತ ಕೂಗಾಡಿದ. ಕೊಡಲಿಲ್ಲ. ಮೇಲೆ ಹೋಗಿ, ಹುಡುಗನನ್ನು ಹೊರಗೆ ಕರೆದು, ಉಪಕರಣ ಎಣಿಸಿ, ಪ್ಯಾನಲ್ ಮುಚ್ಚಿಸಿ, ಕೆಳಗೆ ಬಂದು ನಾನೇ ಬೀಗ ತೆಗೆದೆ. 40 ನಿಮಿಷ ತಡ ಆಯ್ತು. ಫೋರ್‌ಮನ್ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ.

ಇದು ಹೇಳುವಂಥ ವಿಷಯ ಅಂತ ನನಗೆ ಹೊಳೆಯಲೇ ಇಲ್ಲ. ದಿನದ ಕೆಲಸ ತಾನೇ ಅಂದುಕೊಂಡಿದ್ದೆ. ಕಸುಬಿನವರಲ್ಲಿ ‘ನಾನು’ ಅಂದರೆ ಜಂಬ, ‘ನಾವು’ ಅಂದರೆ ಮರ್ಯಾದೆ. ಸಂದರ್ಶನದಲ್ಲಿ ಮಾತ್ರ ಆ ಮರ್ಯಾದೆ ನಿಮ್ಮನ್ನು ಮುಳುಗಿಸುತ್ತದೆ. ಅವರು ಅಂಕ ಕೊಡುವುದು ನೀವೊಬ್ಬರೇ ಮಾಡಿದ್ದಕ್ಕೆ.

ಎರಡನೇ ಸಲ ಹೋಗುವ ಮುಂಚೆ ಒಂದು ನೋಟ್‌ಬುಕ್ ತಗೊಂಡು ಇಂಥ ಎಂಟು ಪ್ರಸಂಗ ಬರೆದೆ. ಏನು ನಡೀತಿತ್ತು, ನನ್ನ ಪಾಲಿಗೆ ಏನು ಬಂತು, ನಾನು ಏನು ಮಾಡಿದೆ, ಕೊನೆಗೆ ಏನಾಯ್ತು. ಅಷ್ಟೇ. ಸಿಟ್ಟಾದ ಗಿರಾಕಿಯನ್ನು ಸಮಾಧಾನ ಮಾಡಿದ್ದು, ನನ್ನ ತಪ್ಪನ್ನು ನಾನೇ ಹೋಗಿ ಒಪ್ಪಿಕೊಂಡಿದ್ದು, ಇಬ್ಬರ ಜಗಳದ ಮಧ್ಯೆ ನಿಂತಿದ್ದು ಎಲ್ಲ ಅದರಲ್ಲಿತ್ತು.

ನಿಮ್ಮ ಕಸುಬಿನಲ್ಲೂ ಇಂಥವು ಬೇಕಾದಷ್ಟಿವೆ. ಬೆಂಕಿ ಹತ್ತುವ ಜಾಗದಲ್ಲಿ ವೆಲ್ಡಿಂಗ್ ಮಾಡುವ ಮುಂಚೆ ಪರ್ಮಿಟ್ ತಗೋತೀರಿ ಅಲ್ವಾ? ಕೆಲಸ ಮುಗಿದ ಮೇಲೂ ಕಿಡಿ ಎಲ್ಲಾದರೂ ಅಡಗಿ ಕೂತಿದೆಯಾ ಅಂತ ಅರ್ಧ ಗಂಟೆಯೋ ಒಂದು ಗಂಟೆಯೋ ಕಾವಲು ಇರುತ್ತೀರಿ. ಏನೂ ಆಗುತ್ತಿಲ್ಲ, ಎಲ್ಲರೂ ಮನೆಗೆ ಹೋಗಿದ್ದಾರೆ, ನೀವೊಬ್ಬರೇ ಬಕೆಟ್ ಪಕ್ಕ ಕೂತಿದ್ದೀರಿ. ನಂಬಿ, ಪೊಲೀಸ್ ಕೆಲಸದ ಅರ್ಧ ಭಾಗ ಇದೇ. ಇದನ್ನು ಹೇಳಿ.

ಇನ್ನು ಬರವಣಿಗೆ. ಲಿಖಿತ ಪರೀಕ್ಷೆಗೆ ಹೆದರುವವರು ಜಾಸ್ತಿ, ಆದರೆ ಕಸುಬಿನವರಿಗೆ ಇಲ್ಲೊಂದು ಅನುಕೂಲ ಇದೆ. ‘ಬೆಸುಗೆ ಕೆಟ್ಟಿದೆ’ ಅನ್ನುವುದು ನಿಮ್ಮ ತೀರ್ಮಾನ. ‘ಬೆಸುಗೆಯ ಬಲತುದಿಯಲ್ಲಿ 2 ಸೆಂ.ಮೀ. ಬಿರುಕು, ಪಕ್ಕದಲ್ಲಿ ಸೂಜಿಮೊನೆಯಷ್ಟು ಮೂರು ತೂತು’ ಅನ್ನುವುದು ನೀವು ಕಂಡದ್ದು. ‘ಅವನು ಕುಡಿದಿದ್ದ’ ಅಂತ ಬರೆದರೆ ವಕೀಲರು ಅರ್ಧ ನಿಮಿಷದಲ್ಲಿ ಹರಿದು ಹಾಕುತ್ತಾರೆ. ‘ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು, ಗೋಡೆ ಹಿಡಿದು ನಿಂತಿದ್ದ, ಹೆಸರು ಎರಡು ಸಲ ಕೇಳಿದ್ದಕ್ಕೆ ಎರಡು ಬೇರೆ ಹೆಸರು ಹೇಳಿದ’ ಅಂತ ಬರೆದರೆ ನಿಲ್ಲುತ್ತದೆ. ದಿನಾ ರಾತ್ರಿ ಅವತ್ತಿನ ಕೆಲಸದ ಬಗ್ಗೆ ಹತ್ತು ಸಾಲು ಹೀಗೆ ಬರೆಯಿರಿ, ಗಂಟೆ ನಿಮಿಷದ ಸಮೇತ. ಮೂರು ತಿಂಗಳಲ್ಲಿ ಕೈ ಪಳಗುತ್ತದೆ.

ಈಗ ಯಾರೂ ಹೇಳದ ವಿಷಯಕ್ಕೆ ಬರುತ್ತೇನೆ. ನನ್ನ ಫಾರಂನಲ್ಲಿ ಒಂದು ಪ್ರಶ್ನೆ ಇತ್ತು: ಕೆಲಸ ಕೊಟ್ಟವರ ವಸ್ತುವನ್ನು ಕೇಳದೆ ತೆಗೆದುಕೊಂಡಿದ್ದೀರಾ? ನನ್ನ ಜೊತೆ ದುಡಿದವರಿಗೆ ಇದು ಯಾವುದರ ಬಗ್ಗೆ ಅಂತ ತಕ್ಷಣ ಗೊತ್ತಾಗುತ್ತದೆ. ಕೇಬಲ್ ಕತ್ತರಿಸಿ ಉಳಿದ ತುಂಡುಗಳು. ಸಿಪ್ಪೆ ಸುಲಿದು, ತಾಮ್ರವನ್ನು ಚೀಲಕ್ಕೆ ತುಂಬಿ, ಗುಜರಿಗೆ ತೂಕಕ್ಕೆ ಹಾಕುವುದು. ಎಲ್ಲರೂ ಮಾಡುತ್ತಿದ್ದರು, ನಾನೂ ಮಾಡಿದ್ದೆ. ಆ ಫಾರಂ ಮುಂದೆ ಇಟ್ಟುಕೊಂಡು ಒಂದು ರಾತ್ರಿ ಪೂರ್ತಿ ಕೂತಿದ್ದೆ. ‘ಇಲ್ಲ’ ಅಂತ ಬರೆದರೆ ಯಾರಿಗೆ ಗೊತ್ತಾಗಬೇಕು? ಕೊನೆಗೆ ಇದ್ದದ್ದನ್ನೇ ಬರೆದೆ. ಯಾವ ವರ್ಷ, ಸುಮಾರು ಎಷ್ಟು ಸಲ, ಯಾವಾಗ ಬಿಟ್ಟೆ.

ಸಂದರ್ಶನದಲ್ಲಿ ಅದರ ಬಗ್ಗೆ ಎರಡು ನಿಮಿಷ ಕೇಳಿ ಮುಂದೆ ಹೋದರು. ನಿಮಗೂ ಹಾಗೇ ಆಗುತ್ತದೆ ಅಂತ ಮಾತು ಕೊಡಲಾರೆ. ಆದರೆ ನನ್ನ ಜೊತೆಗೇ ಅರ್ಜಿ ಹಾಕಿದ್ದ ಒಬ್ಬರು ಇದಕ್ಕಿಂತ ಚಿಕ್ಕ ವಿಷಯ ಮುಚ್ಚಿಟ್ಟು, ಹಳೇ ಮಾಲೀಕರನ್ನು ವಿಚಾರಿಸಿದಾಗ ಹೊರಬಿದ್ದು, ಅಲ್ಲಿಗೇ ನಿಂತರು. ಇದಕ್ಕೊಂದು ಕಾರಣ ಇದೆ. ಪೊಲೀಸ್ ಆದವರು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು. ಒಂದು ಸಲ ಸುಳ್ಳು ಹೇಳಿ ಸಿಕ್ಕಿಬಿದ್ದವನ ಸಾಕ್ಷಿಯನ್ನು ಎದುರು ವಕೀಲರು ಬಿಡುತ್ತಾರಾ? ಬಿಲ್ಲಿಲ್ಲದೆ ಮಾಡಿದ ಕೆಲಸ, ಗಾಡಿಯ ದಂಡ, ಆನ್‌ಲೈನಲ್ಲಿ ಹಾಕಿ ಮರೆತ ಹಳೇ ಫೋಟೋ, ಎಲ್ಲವನ್ನೂ ಕೂತು ನೆನಪು ಮಾಡಿಕೊಳ್ಳಿ.

ದೇಹದ ಬಗ್ಗೆ ನನಗೆ ದೊಡ್ಡ ಭ್ರಮೆ ಇತ್ತು. ದಿನಾ ಕೇಬಲ್ ಸುರುಳಿ ಹೊತ್ತು ಮೆಟ್ಟಿಲು ಹತ್ತುವವನಿಗೆ ಓಟ ಯಾವ ಲೆಕ್ಕ ಅಂತ. ಕೆಲವು ಕಡೆ 20 ಮೀಟರ್ ಓಟದ ಪರೀಕ್ಷೆ ಇರುತ್ತದೆ. ಬೀಪ್ ಸದ್ದಾಗುವುದರೊಳಗೆ ಆ ಕಡೆಯ ಗೆರೆ ಮುಟ್ಟಬೇಕು, ತಿರುಗಬೇಕು, ಮತ್ತೆ ಬರಬೇಕು. ಸಾಮಾನ್ಯವಾಗಿ ಗಂಟೆಗೆ 8.5 ಕಿ.ಮೀ. ವೇಗದಲ್ಲಿ ಶುರುವಾಗಿ ಪ್ರತಿ ನಿಮಿಷಕ್ಕೆ 0.5 ಕಿ.ಮೀ. ಏರುತ್ತಾ ಹೋಗುತ್ತದೆ. ಮನೆ ಹತ್ತಿರ ಸುಮ್ನೆ ಒಂದು ಸಲ ಮಾಡಿ ನೋಡಿದಾಗ ಐದು ನಿಮಿಷಕ್ಕೆ ನನ್ನ ಉಸಿರು ಗಂಟಲಿಗೆ ಬಂತು. ತೋಳಿನ ಬಲ ಬೇರೆ, ದಮ್ಮು ಬೇರೆ. ಕೊಲ್ಲುವುದು ಓಟಕ್ಕಿಂತ ತಿರುವು. ಮೊಣಕಾಲು ಹುಷಾರು, ತಿರುವನ್ನೇ ಬೇರೆಯಾಗಿ ಅಭ್ಯಾಸ ಮಾಡಿ.

ಕಿವಿ ಪರೀಕ್ಷೆಯನ್ನು ಅರ್ಜಿಗೂ ಮುಂಚೆ ಸ್ವಂತ ಖರ್ಚಿನಲ್ಲಿ ಮಾಡಿಸಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಗ್ರೈಂಡರ್ ಪಕ್ಕ ಒಂಬತ್ತು ವರ್ಷ ಕಳೆದಿದ್ದೀರಿ, ಇಯರ್ ಪ್ಲಗ್ ದಿನಾ ಹಾಕಿರುವುದು ಅನುಮಾನ. ಸದ್ದಿನಿಂದ ಕಿವಿ ಕೆಡುವಾಗ ಮೊದಲು ಪೆಟ್ಟು ಬೀಳುವುದು ಸಾಮಾನ್ಯವಾಗಿ 4,000 ಹರ್ಟ್ಸ್ ಸುತ್ತಮುತ್ತಲಿನ ಸ್ವರಗಳಿಗೆ. ಮಾತು ಕೇಳಿಸುತ್ತಲೇ ಇರುತ್ತದೆ, ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ. ಪರೀಕ್ಷೆಯ ಹಿಂದಿನ ದಿನ ಗ್ರೈಂಡರ್ ಮುಟ್ಟಬೇಡಿ. ಕಡೇ ಪಕ್ಷ 14 ಗಂಟೆ ಜೋರು ಸದ್ದಿನಿಂದ ದೂರ ಇರಿ, ಇಲ್ಲದಿದ್ದರೆ ತಾತ್ಕಾಲಿಕ ಮಂದವೂ ವರದಿಯಲ್ಲಿ ಕಾಣುತ್ತದೆ. ಕಣ್ಣಿಗೂ ಪರೀಕ್ಷೆ ಇರುತ್ತದೆ, ಅದರ ಜೊತೆ ಚುಕ್ಕಿಗಳ ನಡುವೆ ಅಂಕಿ ಗುರುತಿಸುವ ಬಣ್ಣದ ಪರೀಕ್ಷೆಯೂ ಇರಬಹುದು. ವಯಸ್ಸು, ಎತ್ತರ, ಓದು ಇವೆಲ್ಲ ಇಲಾಖೆಯಿಂದ ಇಲಾಖೆಗೆ ಬೇರೆ, ಪ್ರಕಟಣೆ ಓದಿ ಸಾಕು.

‘ಯಾಕೆ ಪೊಲೀಸ್?’ ಅಂತ ಕೇಳೇ ಕೇಳುತ್ತಾರೆ. ಮೊದಲ ಸಲ ನಾನು ಬೆನ್ನುನೋವು, ಪಿಂಚಣಿ ಅಂದುಬಿಟ್ಟೆ. ಸುಳ್ಳಲ್ಲ, ಆದರೆ ಅದು ಕಸುಬು ಬಿಡೋಕೆ ಕಾರಣ, ಇಲ್ಲಿಗೆ ಬರೋಕೆ ಅಲ್ಲ. ಹಾಗಂತ ಇನ್ನೊಂದು ತುದಿಗೂ ಹೋಗಬೇಡಿ. ನನಗೆ ವೈರಿಂಗ್ ಗೊತ್ತು, ಬೀಗ ಗೊತ್ತು, ಪತ್ತೇದಾರಿಕೆಗೆ ನಾನೇ ಸರಿ ಅಂದವರನ್ನೂ ನೋಡಿದ್ದೇನೆ, ಎದುರಿನವರು ನಗು ತಡೆದುಕೊಂಡದ್ದನ್ನೂ ನೋಡಿದ್ದೇನೆ. ಅಂದ ಹಾಗೆ ನಮ್ಮಂಥವರು ಪೊಲೀಸ್ ಆಗುವುದು ಹೊಸದೇನಲ್ಲ. 1829ರಲ್ಲಿ ಬ್ರಿಟನ್ನಿನ ಗೃಹಮಂತ್ರಿ ರಾಬರ್ಟ್ ಪೀಲ್ ಲಂಡನ್ನಿನ ಪೊಲೀಸ್ ಪಡೆ ಕಟ್ಟಿದಾಗ ಸೇರಿದವರಲ್ಲಿ ಬಡಗಿಗಳು, ಚಪ್ಪಲಿ ಹೊಲಿಯುವವರು, ಕೂಲಿಗಳು ಇದ್ದರು. ಅವರಲ್ಲಿ ಬಹಳ ಜನ ಕುಡಿತದಿಂದ ಬೇಗನೇ ಮನೆಗೂ ಹೋದರು, ಅದು ಬೇರೆ ಮಾತು.

ಅರ್ಜಿಯಲ್ಲಿ ಬರೆಯುವುದು ಏನು ಅಂದಿರಲ್ಲ, ಹೀಗೆ ಬರೆಯಬಹುದು: “ಒಂಬತ್ತು ವರ್ಷ ವೆಲ್ಡರ್. ಕೆಲಸಕ್ಕೆ ಮುಂಚೆ ಪರ್ಮಿಟ್ ಪರಿಶೀಲನೆ, ಮುಗಿದ ಮೇಲೆ ಬೆಂಕಿ ಕಾವಲು, ದಿನದ ಕೆಲಸದ ದಾಖಲೆ ನನ್ನ ಜವಾಬ್ದಾರಿ. ಇಬ್ಬರು ಕಲಿಯುವ ಹುಡುಗರ ಮೇಲ್ವಿಚಾರಣೆ. ಸುರಕ್ಷತೆ ಇಲ್ಲದ ಕಾರಣ ಎರಡು ಸಲ ಕೆಲಸ ನಿಲ್ಲಿಸಿದ್ದೇನೆ.” ನಿಮ್ಮ ವಿಷಯದಲ್ಲಿ ನಿಜ ಇರುವ ಸಾಲು ಮಾತ್ರ ಇಟ್ಟುಕೊಳ್ಳಿ, ಯಾಕೆಂದರೆ ಪ್ರತಿ ಸಾಲಿನ ಮೇಲೂ ಪ್ರಶ್ನೆ ಬರುತ್ತದೆ.

ತರಬೇತಿಯಲ್ಲಿ ನಿಮಗಿಂತ ಎಂಟು ವರ್ಷ ಚಿಕ್ಕವರ ಪಕ್ಕ ನಿಂತು, ಶೂ ಹೇಗೆ ಕಟ್ಟಬೇಕು ಅಂತ ಬೈಸಿಕೊಳ್ಳುತ್ತೀರಿ. ಮೊದಲ ವರ್ಷ ಸಂಬಳ ಕಡಿಮೆ ಆಗಬಹುದು, ಮನೆಯವರಿಗೆ ಈಗಲೇ ಹೇಳಿಡಿ. ವೆಲ್ಡಿಂಗ್ ಸರ್ಟಿಫಿಕೇಟ್ ಅವಧಿ ಮುಗಿಯಲು ಮಾತ್ರ ಬಿಡಬೇಡಿ. ನನ್ನ ಎಲೆಕ್ಟ್ರಿಕಲ್ ಲೈಸೆನ್ಸ್ ಬರುವ ತಿಂಗಳು ಮುಗಿಯುತ್ತದೆ, ಈ ಸಲವೂ ಹಣ ಕಟ್ಟುತ್ತೇನೆ.