ರಿಪೋರ್ಟಿನ ಒಂದು ಸಾಲು, ಮನೆಮಂದಿಯ ಅವಸರ

ಐದನೇ ತಿಂಗಳ ಸ್ಕ್ಯಾನ್ ಮುಗಿದ ಮೇಲೆ ನಿದ್ದೆಗೆಟ್ಟು, ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬರುವ ಬಸುರಿಯರು ಈಚೆಗೆ ಜಾಸ್ತಿಯಾಗಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಅವರಲ್ಲೊಬ್ಬಾಕೆಯದು ಚೊಚ್ಚಲ ಬಸಿರು. ಮಗುವಿನ ಅಂಗಾಂಗಗಳಲ್ಲಿ ದೋಷವಿದೆಯಾ ಎಂದು ನೋಡುವ 20ನೇ ವಾರದ ಅನಾಮಲಿ ಸ್ಕ್ಯಾನ್‌ನಲ್ಲಿ ಮಗುವಿನ ಹೃದಯದಲ್ಲಿ ಒಂದು ಬಿಳಿ ಚುಕ್ಕೆ ಕಂಡಿತ್ತು. ಉಳಿದದ್ದೆಲ್ಲ ನಾರ್ಮಲ್. ಡಾಕ್ಟರನ್ನು ಕಾಣುವ ಮೊದಲೇ ರಿಪೋರ್ಟಿನ ಫೋಟೊ ಮನೆಯ ವಾಟ್ಸಾಪ್ ಗ್ರೂಪಿಗೆ ಹೋಯಿತು. ಗಂಡನ ದೊಡ್ಡಪ್ಪ ಫೋನ್ ಮಾಡಿ, "24 ವಾರ ದಾಟಿದರೆ ಕಷ್ಟ, ಈಗಲೇ ತೆಗೆಸಿಬಿಡಿ" ಅಂದರು.

ನನ್ನ ಮುಂದೆ ಕೂತಾಗ ಮಾತೆಲ್ಲ ಗಂಡನದೇ. ಆಕೆ ಫೈಲಿನ ಪ್ಲಾಸ್ಟಿಕ್ ಕವರನ್ನು ಉಗುರಿನಿಂದ ಕೆರೆಯುತ್ತಿದ್ದಳು. ಸ್ವಲ್ಪ ಹೊತ್ತು ಹೊರಗಿರಿ ಎಂದು ಆತನನ್ನು ಕಳಿಸಿ, "ಮಗು ಮಿಸುಕಾಡುತ್ತಾ?" ಎಂದು ಕೇಳಿದೆ.

"ಹ್ಞೂಂ ಮೇಡಂ. ಮಿಸುಕಾಡಿದ ಕೂಡ್ಲೇ ಟೀವಿ ಸೌಂಡ್ ಜಾಸ್ತಿ ಮಾಡ್ತೀನಿ."

"ಯಾಕಮ್ಮ?"

"ಆಸೆ ಹುಟ್ಟಿಬಿಟ್ರೆ ಆಮೇಲೆ ತೆಗೆಸೋಕೆ ಮನಸ್ಸು ಬರಲ್ಲ ಅಲ್ವಾ?"

ತೆಗೆಸಬೇಕು ಅಂತ ಆಕೆಗೆ ಒಬ್ಬ ಡಾಕ್ಟರೂ ಹೇಳಿರಲಿಲ್ಲ. ಆದರೂ ಆಗಲೇ ಮಗುವನ್ನು ಬಿಟ್ಟುಕೊಡಲು ತಯಾರಾಗುತ್ತಿದ್ದಳು.

ನಾನು ಕೊಟ್ಟ ಸಲಹೆ ಇಷ್ಟೇ. ಇವತ್ತು ಯಾವ ನಿರ್ಧಾರವೂ ಬೇಡ. ಬೇರೆ ಬೇರೆ ಸೆಂಟರ್‌ಗಳಿಗೆ ಅಲೆದು ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸುವುದೂ ಬೇಡ. ನಾಳೆಯೇ ಗಂಡ ಹೆಂಡತಿ ಇಬ್ಬರೂ ಪೂರ್ತಿ ಫೈಲ್ ಹಿಡಿದು ಡಾಕ್ಟರ ಹತ್ತಿರ ಹೋಗಿ. ಈ ಚುಕ್ಕೆಯ ಜೊತೆ ಬೇರೇನಾದರೂ ಇದೆಯಾ, ಡೌನ್ ಸಿಂಡ್ರೋಮ್‌ನಂಥ ಹುಟ್ಟುದೋಷಗಳ ರಿಸ್ಕ್ ಎಷ್ಟೆಂದು ಅಂದಾಜಿಸುವ ಮೂರನೇ ತಿಂಗಳ ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ರಕ್ತಪರೀಕ್ಷೆ ಏನು ಹೇಳಿದ್ದವು, ಅಂತ ಕೇಳಿ.

ಆ ಎರಡರಲ್ಲೂ ರಿಸ್ಕ್ ಕಡಿಮೆ ಅಂತಲೇ ಬಂದಿತ್ತು. ಫೈಲಿನ ಅಡಿಯಲ್ಲಿದ್ದ ಆ ಹಾಳೆಗಳನ್ನು ಮನೆಯಲ್ಲಿ ಯಾರೂ ತೆಗೆದು ನೋಡಿರಲಿಲ್ಲ. ಇಂಥ ಚುಕ್ಕೆ ಹೃದಯದ ಸ್ನಾಯುವಿನಲ್ಲಿ ಸೇರಿದ ಸುಣ್ಣದಂಶ, ಆರೋಗ್ಯವಾಗಿರುವ ಎಷ್ಟೋ ಮಕ್ಕಳಲ್ಲೂ ಕಾಣುತ್ತದೆ, ಇದೊಂದೇ ಇದ್ದರೆ ಹೃದಯದ ಕೆಲಸಕ್ಕೆ ತೊಂದರೆಯಿಲ್ಲ ಎಂದು ಡಾಕ್ಟರ್ ಬಿಡಿಸಿ ಹೇಳಿದರು.

"ಏನೂ ಆಗಲ್ಲ ಅಂತ ನೀವೇ ಹೇಳಿ ಕಳಿಸಬಹುದಿತ್ತಲ್ಲ" ಎಂದು ಪರಿಚಯದವರೊಬ್ಬರು ಆಕ್ಷೇಪಿಸಿದರು. ನಾನು ಹಾಗೆ ಹೇಳುವುದಿಲ್ಲ. ನಾನು ಡಾಕ್ಟರಲ್ಲ. ಅಲ್ಲದೆ, ಒಳ್ಳೆಯ ಸ್ಕ್ಯಾನ್‌ನಲ್ಲೂ ಕಾಣದ ತೊಂದರೆಗಳಿವೆ. ನಾನು ಕೊಟ್ಟ ಭರವಸೆ ಸುಳ್ಳಾದರೆ ಆಕೆ ಮುಂದೆ ಯಾರನ್ನು ನಂಬಬೇಕು?

24 ವಾರದ ಹೆದರಿಕೆಯ ಬಗ್ಗೆಯೂ ಹೇಳಲೇಬೇಕು. ಗರ್ಭಪಾತದ ಕಾನೂನಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಮಗುವಿನಲ್ಲಿ ಗಂಭೀರ ದೋಷವಿದೆ ಎಂದು ವೈದ್ಯಕೀಯ ಮಂಡಳಿ ಒಪ್ಪಿದರೆ 24 ವಾರದ ನಂತರವೂ ಗರ್ಭಪಾತಕ್ಕೆ ಅವಕಾಶವಿದೆ. ವಯಸ್ಕ ಹೆಂಗಸಾದರೆ ಕಾನೂನಿಗೆ ಬೇಕಿರುವುದು ಆಕೆಯ ಒಪ್ಪಿಗೆ ಮಾತ್ರ. ಗಂಡನದ್ದೂ ಬೇಕಿಲ್ಲ, ದೊಡ್ಡಪ್ಪನದ್ದಂತೂ ಅಲ್ಲವೇ ಅಲ್ಲ. ಈ ಮಾತನ್ನು ಗಂಡನನ್ನು ಒಳಗೆ ಕರೆದು, ಆತನ ಎದುರಿಗೇ ಹೇಳಿದೆ.

ಸ್ಕ್ಯಾನ್‌ಗೆ ಹೋಗುವವರು ದಯವಿಟ್ಟು ಮೊದಲೇ ಕೇಳಿಕೊಳ್ಳಿ: ಇದು ಏನನ್ನು ನೋಡುವ ಪರೀಕ್ಷೆ, ಏನಾದರೂ ಕಂಡರೆ ಮುಂದೇನು? ಡಾಕ್ಟರ್ ಮಾತಾಡುವ ತನಕ ರಿಪೋರ್ಟ್ ಯಾವ ಗ್ರೂಪಿಗೂ ಹೋಗದಿರಲಿ.

ಆಕೆಗೀಗ ಏಳು ತಿಂಗಳು. ಬೆಳವಣಿಗೆಯ ಸ್ಕ್ಯಾನ್ ಚೆನ್ನಾಗಿ ಬಂದಿದೆ. ಆದರೆ ಸೀಮಂತಕ್ಕೆ ಆ ದೊಡ್ಡಪ್ಪನವರನ್ನು ಕರೆಯಲೇಬಾರದು ಎಂದು ಹಟ ಹಿಡಿದಿದ್ದಾಳೆ. ಮುಂದಿನ ಭೇಟಿಯಲ್ಲಿ ಅದರ ಬಗ್ಗೆ ಮಾತಾಡಬೇಕು.